ಸಿನಿಮಾಕ್ಕೂ ಮುಂಚಿನ ಚಲಿಸುವ ಚಿತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲಾ ಮಕ್ಕಳಿಂದ ರಟ್ಟಿನ ಚಕ್ರ, ಕಾಗದದ ಪಟ್ಟಿಗಳಲ್ಲಿ ಚಲಿಸುವ ಚಿತ್ರ ಮಾಡಿಸುವಾಗ, ಆಮೇಲೆ ಬರುವ ಪತ್ರಗಳಲ್ಲಿ, ಮೇಷ್ಟರುಗಳ ಜೊತೆಗಿನ ಮಾತಿನಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ತಲೆ ತುರಿಸಿಕೊಳ್ಳಬೇಕಾದವು ಕೊನೆಗೆ.

## ಆರಂಭದ ಪ್ರಶ್ನೆಗಳು

ಸಿನಿಮಾ ಕಂಡುಹಿಡಿದವರು ಎಡಿಸನ್ನೋ ಲೂಮಿಯೇರ್ ಸಹೋದರರೋ? ಒಂದೇ ಹೆಸರು ಹೇಳಿ.

ಒಂದೇ ಹೆಸರು ಹೇಳಿದರೆ ಸುಳ್ಳು ಹೇಳಿದಂತಾಗುತ್ತದೆ. ಸಾರ್ವಜನಿಕರಿಂದ ಹಣ ಪಡೆದು, ಛಾಯಾಚಿತ್ರದ ಫಿಲ್ಮನ್ನು ಪರದೆಯ ಮೇಲೆ ಓಡಿಸಿದ ಪ್ರದರ್ಶನಗಳಲ್ಲಿ ಹೆಚ್ಚು ಹೆಸರಾದದ್ದು 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ಲೂಮಿಯೇರ್ ಸಹೋದರರು ನಡೆಸಿದ್ದು. ಆದರೆ ಅದಕ್ಕೂ ಎರಡು ತಿಂಗಳು ಮೊದಲೇ, ನವೆಂಬರ್ 1ರಂದು, ಬರ್ಲಿನ್ನಿನ ವಿಂಟರ್‌ಗಾರ್ಟನ್ ರಂಗಮಂದಿರದಲ್ಲಿ ಸ್ಕ್ಲಡನೋವ್‌ಸ್ಕಿ ಸಹೋದರರು ಟಿಕೆಟ್ ಮಾರಿ ಇಂಥದೇ ಪ್ರದರ್ಶನ ಕೊಟ್ಟಿದ್ದರು. ಒಬ್ಬೊಬ್ಬರೇ ಇಣುಕಿ ನೋಡುವ ಎಡಿಸನ್ನರ ಕಿನೆಟೊಸ್ಕೋಪ್ ಪೆಟ್ಟಿಗೆಗಳು 1894ರ ಏಪ್ರಿಲ್‌ನಿಂದಲೇ ನ್ಯೂಯಾರ್ಕಿನಲ್ಲಿ ದುಡ್ಡು ಗಳಿಸುತ್ತಿದ್ದವು. ಇವರೆಲ್ಲರಿಗೂ ಮೊದಲು, 1892ರಲ್ಲಿ, ಎಮಿಲ್ ರೇನೋ ಪ್ಯಾರಿಸ್ಸಿನಲ್ಲಿ ಕೈಯಿಂದ ಬರೆದ ಚಿತ್ರಗಳನ್ನು ಪರದೆಯ ಮೇಲೆ ಕುಣಿಸಿದ್ದರು. ಚಲಿಸುವ ಚಿತ್ರದ ಮೂಲತತ್ತ್ವ ಗೊತ್ತಾದದ್ದಂತೂ 1832ರಲ್ಲಿ. ಆಗ ಛಾಯಾಚಿತ್ರಣವೇ ಇನ್ನೂ ಜನರ ಕೈಗೆ ಬಂದಿರಲಿಲ್ಲ. ಬರೆದ ಚಿತ್ರ ಮೊದಲು ಚಲಿಸಿತು, ಕ್ಯಾಮರಾದ ಚಿತ್ರ ಆಮೇಲೆ. ಆನಿಮೇಷನ್ ಅನ್ನು ಸಿನಿಮಾದ ಮಗುವೆಂದು ತಿಳಿಯುವುದು ರೂಢಿ. ವಯಸ್ಸಿನ ಲೆಕ್ಕ ಹಾಕಿದರೆ ಅದು ಸಿನಿಮಾಕ್ಕೆ ಅಜ್ಜಿ.

ನಮ್ಮ ತೊಗಲುಗೊಂಬೆಯಾಟವೇ ಜಗತ್ತಿನ ಮೊದಲ ಆನಿಮೇಷನ್ ಅಲ್ಲವೇ?

ಹೆಮ್ಮೆಪಡಲು ಬೇರೆ ಕಾರಣಗಳು ಬೇಕಾದಷ್ಟಿವೆ, ಇದು ಬೇಡ. ಪರದೆ, ಹಿಂದಿನಿಂದ ದೀಪ, ಬಣ್ಣದ ನೆರಳು, ಕಥೆ, ಹಾಡು, ಕತ್ತಲಲ್ಲಿ ಕೂತ ಪ್ರೇಕ್ಷಕರು: ಸಿನಿಮಾ ಮಂದಿರದ ಸಾಮಗ್ರಿಯೆಲ್ಲ ಕಿಳ್ಳೇಕ್ಯಾತರ ಆಟದಲ್ಲಿ ಇದೆ. ಆದರೆ ಅಲ್ಲಿ ಹನುಮಂತನ ಕೈ ಎದ್ದರೆ ಅದು ನಿಜವಾಗಿಯೂ ಎದ್ದಿರುತ್ತದೆ. ಕೋಲು ಹಿಡಿದ ಕಲಾವಿದ ಅದನ್ನು ಎತ್ತಿದ್ದಾನೆ. ಆನಿಮೇಷನ್ನಿನಲ್ಲಿ ಯಾವುದೂ ಚಲಿಸುವುದಿಲ್ಲ. ಅಲ್ಲಿರುವುದು ನಿಂತ ಚಿತ್ರಗಳ ಸಾಲು ಮಾತ್ರ. ಚಲನೆಯನ್ನು ಹುಟ್ಟಿಸುವುದು ನೋಡುವವರ ಮಿದುಳು. ನೆರಳಿನ ಬೊಂಬೆಗಳನ್ನು ಒಂದೊಂದೇ ಫ್ರೇಮಿನಂತೆ ಅಲುಗಿಸಿ ಚಿತ್ರೀಕರಿಸಿ ಈ ಎರಡು ಕಲೆಗಳನ್ನು ಬೆಸೆದವರೂ ಇದ್ದಾರೆ: ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಕತ್ತರಿಸಿದ ಕಪ್ಪು ಕಾಗದದ ಆಕೃತಿಗಳಿಂದಲೇ ಪೂರ್ಣ ಪ್ರಮಾಣದ ಚಿತ್ರ ಮಾಡಿದರು.

ಇರಾನಿನ ಐದು ಸಾವಿರ ವರ್ಷ ಹಳೆಯ ಬಟ್ಟಲಿನಲ್ಲಿ ಆನಿಮೇಷನ್ ಇದೆಯಂತೆ, ವಾಟ್ಸಾಪಿನಲ್ಲಿ ಬಂದಿತ್ತು. ನಿಜವೇ?

ಬಟ್ಟಲು ನಿಜ. ಶಹರ್-ಎ-ಸುಖ್ತೆ ಎಂಬಲ್ಲಿ ಸಿಕ್ಕಿದ್ದು. ಆಡೊಂದು ಗಿಡದ ಎಲೆಗೆ ಜಿಗಿಯುವ ಐದು ಚಿತ್ರಗಳು ಅದರ ಸುತ್ತ ಇವೆ. ನಿಮಗೆ ಬಂದ ವಿಡಿಯೋದಲ್ಲಿ ಆಡು ಜಿಗಿಯುವುದು ಈ ಕಾಲದವರು ಆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿದ್ದರಿಂದ. ಬಟ್ಟಲನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಕಾಣುವುದು ಕಲಸಿದ ಗೆರೆಗಳು ಮಾತ್ರ. ಅದು ಏಕೆಂದು ಮುಂದೆ ಫೆನಾಕಿಸ್ಟಿಸ್ಕೋಪ್ ಎಂಬ ಸೀಳುಚಕ್ರದ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಮ್ಯಾಜಿಕ್ ಲ್ಯಾಂಟರ್ನ್ ಎಂದರೇನು? ಅದರಲ್ಲಿ ಚಿತ್ರ ಅಲುಗಾಡುತ್ತಿತ್ತೇ?

ಗಾಜಿನ ಮೇಲೆ ಬರೆದ ಚಿತ್ರದ ಹಿಂದೆ ದೀಪ, ಮುಂದೆ ಮಸೂರ. ಗೋಡೆಯ ಮೇಲೆ ದೊಡ್ಡ ಚಿತ್ರ ಬೀಳುತ್ತದೆ. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1659ರಲ್ಲಿ ಇದಕ್ಕಾಗಿ ಬರೆದ ರೇಖಾಚಿತ್ರಗಳು ಉಳಿದಿವೆ. ಅವುಗಳಲ್ಲಿರುವುದು ತನ್ನ ತಲೆಬುರುಡೆಯನ್ನು ತಾನೇ ತೆಗೆದು ಹಾಕಿಕೊಳ್ಳುವ ಅಸ್ಥಿಪಂಜರ. ಎಂದರೆ ಪ್ರೊಜೆಕ್ಟರು ಹುಟ್ಟುವಾಗಲೇ ಚಲನೆಯ ಆಸೆಯೂ ಜೊತೆಗಿತ್ತು. ಒಂದು ಗಾಜಿನ ಮೇಲೆ ಇನ್ನೊಂದನ್ನು ಜಾರಿಸಿ, ಸನ್ನೆ ತಿರುಗಿಸಿ ಕಣ್ಣು ಮಿಟುಕಿಸುವ, ಗಾಣ ಸುತ್ತುವ ಸ್ಲೈಡುಗಳು ಆಮೇಲೆ ಬಂದವು.

ಹೈಗನ್ಸ್‌ಗೆ ಮಾತ್ರ ಇದರ ಬಗ್ಗೆ ನಾಚಿಕೆ. ಶನಿಗ್ರಹದ ಬಳೆಯನ್ನು ವಿವರಿಸಿದವನು ಆಟಿಕೆ ಮಾಡುವವನೆನಿಸಿಕೊಳ್ಳುವುದೇ ಎಂಬ ಬಿಗುಮಾನ. ಫ್ರಾನ್ಸಿನ ಅರಮನೆಯಲ್ಲಿ ತೋರಿಸಲು ಒಂದು ಲಾಂದ್ರ ಕಳಿಸು ಎಂದು ತಂದೆ ಕೇಳಿದಾಗ, ಅದು ಅಲ್ಲಿ ಕೆಲಸ ಮಾಡದಂತೆ ಒಂದು ಮಸೂರ ತೆಗೆದುಬಿಡು ಎಂದು ತಮ್ಮನಿಗೆ ಗುಟ್ಟಾಗಿ ಪತ್ರ ಬರೆದ.

ನಾಚಿಕೆಯಿಲ್ಲದೆ ಇದನ್ನು ಬಳಸಿದವರು ಮುಂದೆ ಬಂದರು. 1790ರ ದಶಕದ ಕೊನೆಗೆ, ಕ್ರಾಂತಿಯ ಬಿಸಿ ಆರದ ಪ್ಯಾರಿಸ್ಸಿನಲ್ಲಿ ರಾಬರ್ಟ್‌ಸನ್ ಎಂಬ ಹೆಸರಿನಿಂದ ಮೆರೆದ ಎತಿಯೆನ್-ಗಾಸ್ಪಾರ್ ರಾಬೇರ್, ಲಾಂದ್ರಕ್ಕೆ ಗಾಲಿ ಕಟ್ಟಿ ಪರದೆಯ ಹಿಂದೆ ಓಡಿಸಿದ. ಲಾಂದ್ರ ಹಿಂದೆ ಸರಿದಂತೆ ದೆವ್ವ ದೊಡ್ಡದಾಗುತ್ತಿತ್ತು. ಕತ್ತಲಲ್ಲಿ ಕೂತವರಿಗೆ ಅದು ತಮ್ಮ ಮೈಮೇಲೇ ಬಂದಂತೆ ಕಾಣುತ್ತಿತ್ತು. ಪಾಳುಬಿದ್ದ ಕ್ರೈಸ್ತ ಮಠದಲ್ಲಿ ಈ ಆಟ ನಡೆಸಿದ್ದು ಅವನ ವ್ಯಾಪಾರಿ ಬುದ್ಧಿ.

## ಆಟಿಕೆಗಳ ಕಾಲ

ಒಂದು ಬದಿಗೆ ಹಕ್ಕಿ, ಇನ್ನೊಂದು ಬದಿಗೆ ಪಂಜರ ಬರೆದು ದಾರದಿಂದ ತಿರುಗಿಸುವ ಬಿಲ್ಲೆಯನ್ನು ಮೊದಲು ಮಾಡಿದವರು ಯಾರು?

ಅದರ ಹೆಸರು ಥಾಮಾಟ್ರೋಪ್. 1825ರಲ್ಲಿ ಅದನ್ನು ಲಂಡನ್ನಿನ ಮಾರುಕಟ್ಟೆಗೆ ತಂದವರು ವೈದ್ಯ ಜಾನ್ ಏರ್ಟನ್ ಪ್ಯಾರಿಸ್. ಆದರೆ ಕಂಪ್ಯೂಟರಿನ ಪೂರ್ವಜರಲ್ಲಿ ಒಬ್ಬರಾದ ಚಾರ್ಲ್ಸ್ ಬ್ಯಾಬೇಜ್ ತಮ್ಮ ಆತ್ಮಕಥನದಲ್ಲಿ ಬೇರೆಯೇ ಕಥೆ ಹೇಳುತ್ತಾರೆ. ಖಗೋಳವಿಜ್ಞಾನಿ ಜಾನ್ ಹರ್ಷೆಲ್ ಒಂದು ದಿನ ಊಟದ ಮೇಜಿನಲ್ಲಿ, ಒಂದು ನಾಣ್ಯದ ಎರಡೂ ಮುಖಗಳನ್ನು ಒಟ್ಟಿಗೆ ತೋರಿಸಬಲ್ಲೆಯಾ ಎಂದು ಸವಾಲು ಹಾಕಿದರಂತೆ. ಬ್ಯಾಬೇಜ್ ನಾಣ್ಯವನ್ನು ಕನ್ನಡಿಯ ಮುಂದೆ ಹಿಡಿದರು. ಹರ್ಷೆಲ್ ಅದನ್ನು ಮೇಜಿನ ಮೇಲೆ ಬುಗುರಿಯಂತೆ ತಿರುಗಿಸಿ, ಕಣ್ಣನ್ನು ಅದರ ಮಟ್ಟಕ್ಕೆ ತಂದು ನೋಡು ಎಂದರು. ಈ ಸಂಗತಿ ಕೇಳಿದ ಫಿಟನ್ ಎಂಬ ಗೆಳೆಯ ರಟ್ಟಿನ ಬಿಲ್ಲೆಗೆ ರೇಷ್ಮೆ ದಾರ ಕಟ್ಟಿ ಹಕ್ಕಿ, ಪಂಜರ ಬರೆದು ತಂದನಂತೆ. ಹಕ್ಕನ್ನು ಯಾರಿಗಾದರೂ ಕೊಡಿ. ಒಂದು ಮಾತು ಮಾತ್ರ ನೆನಪಿರಲಿ. ಈ ಆಟಿಕೆಯಲ್ಲಿ ಎರಡು ಚಿತ್ರ ಸೇರಿ ಒಂದಾಗುತ್ತವೆ, ಹಕ್ಕಿ ಹಾರುವುದಿಲ್ಲ.

ಫೆನಾಕಿಸ್ಟಿಸ್ಕೋಪ್ ಚಕ್ರದಲ್ಲಿ ಸೀಳುಗಳು ಏಕೆ? ಚಿತ್ರ ಬರೆದು ಜೋರಾಗಿ ತಿರುಗಿಸಿದರೆ ಸಾಲದೇ?

ಸಾಲದು. ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಚಕ್ರದ ಅಂಚಿನ ಸುತ್ತ, ಕುಣಿಯುವವಳ ಹನ್ನೆರಡು ಭಂಗಿಗಳನ್ನು ಬರೆದು ತಿರುಗಿಸಿದಿರಿ ಎನ್ನಿ. ಪ್ರತಿ ಚಿತ್ರವೂ ಕಣ್ಣಿನ ಮುಂದೆ ಜಾರುತ್ತಲೇ ಇರುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಜಾರುವ ಚಿತ್ರ ಕಣ್ಣಿಗೆ ಬರೀ ಬಣ್ಣದ ಪಟ್ಟಿ. ಈಗ ಚಿತ್ರಗಳ ನಡುವೆ ಸಣ್ಣ ಸೀಳುಗಳನ್ನು ಕೊರೆದು, ಚಿತ್ರದ ಮುಖವನ್ನು ಕನ್ನಡಿಗೆ ತೋರಿಸಿ, ಚಕ್ರದ ಹಿಂಬದಿಯಿಂದ ಸೀಳುಗಳ ಮೂಲಕ ಕನ್ನಡಿಯನ್ನು ನೋಡಿ. ಸೀಳು ಕಣ್ಣಿನ ಮುಂದೆ ಹಾಯುವ ಅತ್ಯಲ್ಪ ಹೊತ್ತು ಮಾತ್ರ ನಿಮಗೆ ಚಿತ್ರ ಕಾಣುತ್ತದೆ. ಅಷ್ಟು ಹೊತ್ತಿನಲ್ಲಿ ಅದು ಹೆಚ್ಚು ದೂರ ಜಾರಿರುವುದಿಲ್ಲ, ನಿಂತಂತೆಯೇ ಇರುತ್ತದೆ. ಕೂಡಲೇ ರಟ್ಟು ಅಡ್ಡ ಬಂದು ಕತ್ತಲೆ. ಮುಂದಿನ ಸೀಳು ಬರುವಷ್ಟರಲ್ಲಿ ಮೊದಲ ಚಿತ್ರದ ಜಾಗಕ್ಕೆ ಎರಡನೆಯದು ಬಂದು ನಿಂತಿರುತ್ತದೆ. ಬದಲಾವಣೆ ನಡೆದದ್ದು ಕತ್ತಲೆಯಲ್ಲಿ, ಕಣ್ಣಿಗೆ ಗೊತ್ತಾಗದಂತೆ. ಕುಣಿಯುವವಳು ಕುಣಿಯುತ್ತಾಳೆ.

ಇಡೀ ಸಿನಿಮಾ ತಂತ್ರ ಇಷ್ಟೇ: ಚಿತ್ರ ಕ್ಷಣಕಾಲ ನಿಲ್ಲಬೇಕು, ಬದಲಾಗುವಾಗ ಮರೆಯಾಗಬೇಕು. ಮುಂದಿನ ನೂರು ವರ್ಷಗಳ ಯಂತ್ರಗಳಲ್ಲಿ ಹೆಚ್ಚಿನವು ಈ ಎರಡು ಕೆಲಸಗಳನ್ನು ಮಾಡುವ ಬೇರೆ ಬೇರೆ ಉಪಾಯಗಳು.

1832ರ ಕೊನೆಗೆ ಇದನ್ನು ಇಬ್ಬರು ಒಬ್ಬರಿಗೊಬ್ಬರು ತಿಳಿಯದೆ ಕಂಡುಕೊಂಡರು: ಬೆಲ್ಜಿಯಂನ ಜೋಸೆಫ್ ಪ್ಲಾಟೋ, ವಿಯೆನ್ನಾದ ಸೈಮನ್ ಸ್ಟಾಂಫರ್. ಕಾಕತಾಳೀಯವಲ್ಲ. ಅದಕ್ಕೆ ಮುಂಚೆ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ, ಹಲ್ಲುಚಕ್ರಗಳು ಒಂದರ ಹಿಂದೊಂದು ತಿರುಗುವಾಗ ನಿಂತಂತೆ ಕಾಣುವ ಭ್ರಮೆಯ ಬಗ್ಗೆ ಪ್ರಬಂಧ ಬರೆದಿದ್ದರು. ಇಬ್ಬರೂ ಅದನ್ನು ಓದಿ ಪ್ರಯೋಗಕ್ಕೆ ಇಳಿದವರು. ಸ್ಟಾಂಫರ್ ಹಕ್ಕುಪತ್ರ ಪಡೆದರು. ಪ್ಲಾಟೋ ಪೇಟೆಂಟಿನ ಗೋಜಿಗೆ ಹೋಗಲಿಲ್ಲ. 1833ರಲ್ಲಿ ಯೂರೋಪಿನ ಅಂಗಡಿಗಳಲ್ಲಿ ಈ ಚಕ್ರಗಳನ್ನು ಯಾರ್ಯಾರೋ ಮಾರಿ ಲಾಭ ಮಾಡಿದರು.

ಪ್ಲಾಟೋ ಸೂರ್ಯನನ್ನೇ ದಿಟ್ಟಿಸಿ ಕುರುಡಾದರು ಎಂದು ಓದಿದ್ದೇನೆ. ಹೌದೇ?

ದಿಟ್ಟಿಸಿದ್ದು ನಿಜ. 1829ರಲ್ಲಿ, ಬೆಳಕಿನ ಮುದ್ರೆ ಕಣ್ಣಿನಲ್ಲಿ ಎಷ್ಟು ಹೊತ್ತು ಉಳಿಯುತ್ತದೆಂದು ತಿಳಿಯಲು ಅರ್ಧ ನಿಮಿಷದ ಹತ್ತಿರ ಸೂರ್ಯನನ್ನು ನೋಡಿದರು. ಆದರೆ ದೃಷ್ಟಿ ಪೂರ್ತಿ ಹೋದದ್ದು 1843ರ ಹೊತ್ತಿಗೆ. ನಡುವೆ ಹದಿನಾಲ್ಕು ವರ್ಷ ಇವೆ. ರೋಗಲಕ್ಷಣಗಳ ದಾಖಲೆ ಪರಿಶೀಲಿಸಿದ ಈಚಿನ ವೈದ್ಯರು ಕಣ್ಣಿನೊಳಗಿನ ದೀರ್ಘಕಾಲದ ಉರಿಯೂತವನ್ನು ಕಾರಣವೆನ್ನುತ್ತಾರೆ. ಕುರುಡಾದ ಮೇಲೂ ಪ್ಲಾಟೋ ನಾಲ್ಕು ದಶಕ ಬದುಕಿದರು. ಸೋಪಿನ ನೊರೆಯ ಪೊರೆಗಳ ಆಕಾರದ ಬಗೆಗಿನ ಪ್ರಯೋಗಗಳನ್ನು ಮನೆಯವರ ಮತ್ತು ಸಹಾಯಕರ ಕಣ್ಣುಗಳಿಂದ ನಡೆಸಿದರು. ಅವರು ನೋಡಿ ಹೇಳಿದ್ದನ್ನು ಮನಸ್ಸಿನಲ್ಲಿ ಜೋಡಿಸಿದರು. ಗಣಿತದಲ್ಲಿ ಇಂದಿಗೂ ಅವರ ಹೆಸರಿನ ಸಮಸ್ಯೆಯಿದೆ. ಸೂರ್ಯನ ಕಥೆಗಿಂತ ಇದು ದೊಡ್ಡ ಕಥೆ ಎಂದು ನನ್ನ ಅಭಿಪ್ರಾಯ.

ಜೋಯಿಟ್ರೋಪ್, ಪ್ರಾಕ್ಸಿನೋಸ್ಕೋಪ್ ಎರಡೂ ತಿರುಗುವ ಡಬ್ಬಿಗಳೇ. ವ್ಯತ್ಯಾಸವೇನು?

ಜೋಯಿಟ್ರೋಪ್ ಎಂದರೆ ಗೋಡೆಯ ಸುತ್ತ ಸೀಳುಗಳಿರುವ ತೆರೆದ ಡಬ್ಬಿ. ಒಳಗೆ ಚಿತ್ರದ ಪಟ್ಟಿ ಇಟ್ಟು ತಿರುಗಿಸಿ, ಸೀಳುಗಳಿಂದ ಎದುರು ಗೋಡೆಯ ಚಿತ್ರ ನೋಡಬೇಕು. ಕನ್ನಡಿ ಬೇಡ, ನಾಲ್ಕು ಜನ ಸುತ್ತ ಕೂತು ನೋಡಬಹುದು. 1834ರಲ್ಲೇ ಇಂಗ್ಲೆಂಡಿನ ವಿಲಿಯಂ ಜಾರ್ಜ್ ಹಾರ್ನರ್ ಇದನ್ನು ವಿವರಿಸಿದರು. ಸಮೀಕರಣಗಳ ಮೂಲ ಹುಡುಕುವ ಹಾರ್ನರ್ ವಿಧಾನ ಓದಿದವರಿಗೆ ಹೆಸರು ಪರಿಚಯ. ಆದರೆ ಅದು ಅಂಗಡಿಗಳಲ್ಲಿ ಮೆರೆದದ್ದು ಮೂವತ್ತು ವರ್ಷಗಳ ಮೇಲೆ, 1867ರಲ್ಲಿ ಅಮೆರಿಕದ ವಿಲಿಯಂ ಲಿಂಕನ್ ಪೇಟೆಂಟ್ ಪಡೆದು ಮಿಲ್ಟನ್ ಬ್ರಾಡ್ಲಿ ಕಂಪನಿ ಮಾರತೊಡಗಿದಾಗ. ಇದರ ದೋಷ ಎರಡು. ಸೀಳು ಕಿರಿದಾದಷ್ಟೂ ಚಿತ್ರ ಸ್ಪಷ್ಟ, ಆದರೆ ಬೆಳಕು ಅಷ್ಟೇ ಕಡಿಮೆ. ಜೊತೆಗೆ ಹತ್ತಿರದ ಸೀಳು ಒಂದು ದಿಕ್ಕಿಗೆ, ಎದುರಿನ ಚಿತ್ರ ಇನ್ನೊಂದು ದಿಕ್ಕಿಗೆ ಓಡುವುದರಿಂದ ಎಲ್ಲರೂ ಬಡಕಲಾಗಿ ಕಾಣುತ್ತಾರೆ. ಅದಕ್ಕೇ ಪಟ್ಟಿಯಲ್ಲಿ ಆನೆಯನ್ನೂ ಸ್ವಲ್ಪ ಹಿಗ್ಗಿಸಿ ಬರೆಯಬೇಕು.

1877ರಲ್ಲಿ ಎಮಿಲ್ ರೇನೋ ಪೇಟೆಂಟ್ ಪಡೆದ ಪ್ರಾಕ್ಸಿನೋಸ್ಕೋಪಿನಲ್ಲಿ ಸೀಳುಗಳೇ ಇಲ್ಲ. ಡಬ್ಬಿಯ ನಡುವೆ ಹನ್ನೆರಡು ಕನ್ನಡಿಗಳ ಕಂಬ. ಕಂಬದ ಅಂಚಿಗೂ ಚಿತ್ರಕ್ಕೂ ಇರುವ ಅಂತರ, ಕಂಬದ ಅಂಚಿನಿಂದ ನಡುವಿನ ಅಕ್ಷಕ್ಕಿರುವ ಅಂತರದಷ್ಟೇ. ಹೀಗಾಗಿ ಪ್ರತಿಬಿಂಬ ಸರಿಯಾಗಿ ಅಕ್ಷದ ಮೇಲೆ ಮೂಡುತ್ತದೆ. ಡಬ್ಬಿ ಎಷ್ಟು ತಿರುಗಿದರೂ ಅಕ್ಷ ಕದಲುವುದಿಲ್ಲ, ಬಿಂಬವೂ ಕದಲುವುದಿಲ್ಲ. ಕತ್ತಲೆಯಿಲ್ಲದೆಯೇ ಚಿತ್ರವನ್ನು ನಿಲ್ಲಿಸಿದ ಈ ಜಾಣತನಕ್ಕೆ ನಾನು ಸೋತಿದ್ದೇನೆ.

ಫ್ಲಿಪ್ ಬುಕ್ ಯಾರದು?

ಬರ್ಮಿಂಗ್‌ಹ್ಯಾಮಿನ ಮುದ್ರಕ ಜಾನ್ ಬಾರ್ನ್ಸ್ ಲಿನೆಟ್ 1868ರಲ್ಲಿ ಪೇಟೆಂಟ್ ಪಡೆದರು. ಹೆಬ್ಬೆರಳಿನಿಂದ ಜಾರಿದ ಪ್ರತಿ ಹಾಳೆಯೂ ಕ್ಷಣ ನಿಂತು ಮುಂದಿನದಕ್ಕೆ ದಾರಿ ಬಿಡುತ್ತದೆ. ಸೀಳು, ಕನ್ನಡಿ ಏನೂ ಬೇಡ. ನೋಟ್‌ಬುಕ್ಕಿನ ಮೂಲೆ, ಪೆನ್ಸಿಲ್ ಸಾಕು. ಗಣಿತದ ಪಿರಿಯಡ್ಡುಗಳಲ್ಲಿ ಇದರ ಪರಂಪರೆ ಇನ್ನೂ ಜೀವಂತವಾಗಿದೆ.

ಮನೆಯಲ್ಲಿ ಮಾಡಿದ ಚಕ್ರದಲ್ಲಿ ಚಿತ್ರ ಒಂದೇ ಕಡೆ ನಿಲ್ಲದೆ ಪಕ್ಕಕ್ಕೆ ಸರಿದುಹೋಗುತ್ತದೆ. ಎಲ್ಲಿ ತಪ್ಪಿದೆ?

ಸೀಳುಗಳನ್ನೂ ಚಿತ್ರಗಳನ್ನೂ ಎಣಿಸಿ. ಎರಡೂ ಹನ್ನೆರಡಿದ್ದರೆ ಚಿತ್ರ ಇದ್ದಲ್ಲೇ ಕುಣಿಯುತ್ತದೆ. ಹನ್ನೆರಡು ಸೀಳಿಗೆ ಹನ್ನೊಂದೋ ಹದಿಮೂರೋ ಚಿತ್ರಗಳಿದ್ದರೆ ಇಡೀ ಸಾಲು ಮುಂದಕ್ಕೋ ಹಿಂದಕ್ಕೋ ಮೆರವಣಿಗೆ ಹೊರಡುತ್ತದೆ. ಹಳೆಯ ಚಕ್ರಗಳಲ್ಲಿ ಇದನ್ನು ಬೇಕೆಂದೇ ಮಾಡುತ್ತಿದ್ದರು. ಸೀಳು ಎರಡು ಮೂರು ಮಿಲಿಮೀಟರ್ ಇರಲಿ. ಕಣ್ಣಿನ ಕಡೆಯ ಬದಿಗೆ ಕಪ್ಪು ಬಳಿಯಿರಿ, ಚಿತ್ರದ ಮೇಲೆ ಬಿಸಿಲು ಬೀಳಲಿ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಬಹಳ ಜನ ಪ್ರಯತ್ನಿಸಿ ಸುಮ್ಮನೆ ಬೇಸರಪಡುತ್ತಾರೆ.

## ಛಾಯಾಚಿತ್ರ ಕೈಗೆ ಬಂದ ಮೇಲೆ

ಓಡುವ ಕುದುರೆಯ ನಾಲ್ಕೂ ಕಾಲು ನೆಲ ಬಿಡುತ್ತವೆಯೇ ಎಂದು ಪಂದ್ಯ ಕಟ್ಟಿದ್ದರಂತಲ್ಲ?

ಪಂದ್ಯದ ಕಥೆಗೆ ಆ ಕಾಲದ ಆಧಾರವಿಲ್ಲ. ಕ್ಯಾಲಿಫೋರ್ನಿಯಾದ ರೈಲ್ವೆ ಶ್ರೀಮಂತ ಲೀಲೆಂಡ್ ಸ್ಟಾನ್‌ಫರ್ಡ್‌ಗೆ ಕುದುರೆಗಳ ಹುಚ್ಚಿತ್ತು; ಅವುಗಳ ನಡೆ ತಿಳಿದರೆ ತರಬೇತಿಗೆ ಅನುಕೂಲವೆಂಬ ಲೆಕ್ಕವೂ ಇತ್ತು. ಅವರ ಹಣದಿಂದ ಛಾಯಾಗ್ರಾಹಕ ಎಡ್ವೆರ್ಡ್ ಮೈಬ್ರಿಜ್ 1878ರ ಜೂನ್‌ನಲ್ಲಿ ಪಾಲೊ ಆಲ್ಟೊದಲ್ಲಿ ಹನ್ನೆರಡು ಕ್ಯಾಮರಾಗಳನ್ನು ಸಾಲಾಗಿ ಇಟ್ಟರು. ದಾರಿಗೆ ಅಡ್ಡ ಕಟ್ಟಿದ ದಾರಗಳನ್ನು ಕುದುರೆ ಹಾದಂತೆ ಒಂದೊಂದೇ ಕ್ಯಾಮರಾ ತೆರೆದು ಮುಚ್ಚಿತು. ಉತ್ತರ ಸಿಕ್ಕಿತು: ನಾಲ್ಕೂ ಕಾಲು ನೆಲ ಬಿಡುತ್ತವೆ. ಆದರೆ ಚಿತ್ರಕಾರರು ಶತಮಾನಗಳಿಂದ ಬರೆದಂತೆ ಹಿಂದೆ ಮುಂದೆ ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿ ಬಂದಾಗ.

ಹೆಚ್ಚಿನ ಬರಹಗಳು ಇಲ್ಲಿಗೆ ನಿಲ್ಲುತ್ತವೆ, ಸ್ವಾರಸ್ಯ ಇರುವುದು ಮುಂದೆ. ಮೈಬ್ರಿಜ್ ಮರುವರ್ಷ ಇವುಗಳನ್ನು ಪರದೆಯ ಮೇಲೆ ಓಡಿಸಲು ಜೂಪ್ರಾಕ್ಸಿಸ್ಕೋಪ್ ಎಂಬ ಯಂತ್ರ ಮಾಡಿದರು. ಗಾಜಿನ ಚಕ್ರ ಒಂದು ಕಡೆಗೆ, ಸೀಳಿನ ಚಕ್ರ ಎದುರು ದಿಕ್ಕಿಗೆ ತಿರುಗುವ ಆ ಯಂತ್ರದಲ್ಲಿ ಚಿತ್ರ ಅಡ್ಡಲಾಗಿ ಕುಗ್ಗುತ್ತಿತ್ತು. ಅದನ್ನು ಸರಿದೂಗಿಸಲು ಛಾಯಾಚಿತ್ರ ನೋಡಿಕೊಂಡು ಉದ್ದನೆಯ ಕುದುರೆಗಳನ್ನು ಗಾಜಿನ ಮೇಲೆ ಕೈಯಿಂದಲೇ ಬರೆಸಬೇಕಾಯಿತು. ಪ್ರೇಕ್ಷಕರು ಛಾಯಾಚಿತ್ರ ಓಡಿತೆಂದು ಬೆರಗಾದರು. ಓಡಿದ್ದು ಕುಂಚದ ಕುದುರೆ.

ಬಂದೂಕಿನ ಆಕಾರದ ಕ್ಯಾಮರಾ ಇತ್ತೆಂದು ಕೇಳಿದ್ದೇನೆ. ಯಾರನ್ನು ಹೊಡೆಯಲು?

ಹಕ್ಕಿಗಳನ್ನು, ಆದರೆ ಒಂದೂ ಸಾಯಲಿಲ್ಲ. ಫ್ರೆಂಚ್ ಶರೀರವಿಜ್ಞಾನಿ ಎತಿಯೆನ್-ಜೂಲ್ ಮಾರೇ 1882ರಲ್ಲಿ ಮಾಡಿದ ಈ ಬಂದೂಕು ಸೆಕೆಂಡಿಗೆ 12 ಚಿತ್ರ ತೆಗೆಯುತ್ತಿತ್ತು. ಇದರ ಹಿಂದೆ ಖಗೋಳವಿಜ್ಞಾನಿ ಜೂಲ್ ಜಾನ್ಸೆನ್ ಅವರ ಫೋಟೊ ರಿವಾಲ್ವರ್ ಇದೆ. 1874ರಲ್ಲಿ ಶುಕ್ರ ಸೂರ್ಯನ ಮುಂದೆ ಹಾಯುವುದನ್ನು ಹಿಡಿಯಲು ಅವರು ಅದನ್ನು ಜಪಾನಿಗೆ ಒಯ್ದಿದ್ದರು. ಇದೇ ಜಾನ್ಸೆನ್ 1868ರ ಪೂರ್ಣ ಸೂರ್ಯಗ್ರಹಣ ನೋಡಲು ನಮ್ಮ ನೆರೆಯ ಗುಂಟೂರಿಗೆ ಬಂದಿದ್ದವರು. ಮಾರೇಗೆ ಮನರಂಜನೆ ಬೇಕಿರಲಿಲ್ಲ. ರೆಕ್ಕೆಯ ಬಡಿತವನ್ನು ಬಿಡಿಸಿ ಅಳೆಯುವುದೇ ಅವರ ಗುರಿ. ಕಣ್ಣಿಗೆ ಹೇಗೂ ಕಾಣುವುದನ್ನು ಮತ್ತೆ ಜೋಡಿಸಿ ತೋರಿಸುವುದರಲ್ಲಿ ಅವರಿಗೆ ಆಸಕ್ತಿ ಕಡಿಮೆ.

ಎಮಿಲ್ ರೇನೋ ತಮ್ಮ ಚಿತ್ರಗಳನ್ನು ನದಿಗೆ ಎಸೆದದ್ದು ಏಕೆ?

ಡಬ್ಬಿಯೊಳಗೆ ಹನ್ನೆರಡು ಚಿತ್ರಗಳ ಪುನರಾವರ್ತನೆ ಸಾಲದೆ ರೇನೋ ಉದ್ದನೆಯ ಪಟ್ಟಿಯ ಕಡೆ ತಿರುಗಿದರು. ಪಾರದರ್ಶಕ ಚೌಕಗಳ ಮೇಲೆ ಒಂದೊಂದು ಚಿತ್ರವನ್ನೂ ಕೈಯಿಂದ ಬರೆದು ಬಣ್ಣ ತುಂಬಿ, ಪಟ್ಟಿಯಾಗಿ ಜೋಡಿಸಿ, ರಂಧ್ರಗಳನ್ನು ಕೊರೆದು, ಎರಡು ಸುರುಳಿಗಳ ನಡುವೆ ಕೈಯಿಂದ ತಿರುಗಿಸುತ್ತಿದ್ದರು. ಹಿನ್ನೆಲೆಯ ದೃಶ್ಯ ಇನ್ನೊಂದು ಲಾಂದ್ರದಿಂದ. 1888ರಲ್ಲಿ ಪೇಟೆಂಟ್, 1892ರ ಅಕ್ಟೋಬರ್ 28ರಿಂದ ಪ್ಯಾರಿಸ್ಸಿನ ಗ್ರೆವಾಂ ಮ್ಯೂಸಿಯಂನಲ್ಲಿ ಪ್ರದರ್ಶನ. ಬಡ ಪಿಯೆರೋ ಎಂಬ ಪ್ರೇಮಿಯ ಕಥೆಗೆ 500 ಚಿತ್ರಗಳು. ಪಟ್ಟಿಯನ್ನು ಹಿಂದೆ ಮುಂದೆ ಓಡಿಸಿ ಅದನ್ನು ಕಾಲು ಗಂಟೆಯ ಆಟವಾಗಿ ಹಿಗ್ಗಿಸುತ್ತಿದ್ದರು. ಪಿಯಾನೋ ಸಂಗೀತವೂ ಇತ್ತು.

1900ರವರೆಗೆ ಐದು ಲಕ್ಷದಷ್ಟು ಜನ ನೋಡಿದರು. ಆದರೆ ತಿಂಗಳುಗಟ್ಟಲೆ ಕೂತು ಬರೆಯುವವನು, ಕ್ಯಾಮರಾದ ಹಿಡಿಕೆ ತಿರುಗಿಸಿ ಒಂದೇ ದಿನದಲ್ಲಿ ಹಲವು ಚಿತ್ರ ತರುವವರ ಎದುರು ಎಷ್ಟು ದಿನ ನಿಂತಾನು? ಲೂಮಿಯೇರ್ ಚಿತ್ರಗಳು ಅವರ ಅನ್ನ ಕಿತ್ತುಕೊಂಡವು. 1910ರ ದಶಕದ ಆರಂಭದಲ್ಲಿ ಬೇಸತ್ತು ಯಂತ್ರವನ್ನು ಒಡೆದು, ಹೆಚ್ಚಿನ ಪಟ್ಟಿಗಳನ್ನು ಸೇನ್ ನದಿಗೆ ಹಾಕಿದರು. ಎರಡು ಉಳಿದಿವೆ. 1918ರಲ್ಲಿ ತೀರಿಕೊಂಡರು. ಅಕ್ಟೋಬರ್ 28 ಈಗ ಅಂತರರಾಷ್ಟ್ರೀಯ ಆನಿಮೇಷನ್ ದಿನ.

ಕಿನೆಟೊಸ್ಕೋಪಿಗೂ ಸಿನೆಮಾಟೋಗ್ರಾಫಿಗೂ ಏನು ವ್ಯತ್ಯಾಸ?

ಎಡಿಸನ್ನರ ಪ್ರಯೋಗಾಲಯದಲ್ಲಿ ಹೆಚ್ಚಿನ ಕೆಲಸ ಮಾಡಿದವರು ಡಬ್ಲ್ಯು. ಕೆ. ಎಲ್. ಡಿಕ್ಸನ್. ಅವರು ರೂಪಿಸಿದ ಕಿನೆಟೊಸ್ಕೋಪ್ ಒಬ್ಬರೇ ಬಗ್ಗಿ ಇಣುಕಿ ನೋಡುವ ಪೆಟ್ಟಿಗೆ. ಫಿಲ್ಮ್ ಒಳಗೆ ನಿಲ್ಲದೆ ಓಡುತ್ತದೆ. ಕಿರಿದಾದ ಸೀಳಿನ ಚಕ್ರ ಅದನ್ನು ತುಂಡರಿಸಿ ತೋರಿಸುತ್ತದೆ, ಎಂದರೆ ಪ್ಲಾಟೋ ಉಪಾಯವೇ. 35 ಮಿಲಿಮೀಟರ್ ಅಗಲ, ಪ್ರತಿ ಚಿತ್ರದ ಪಕ್ಕದಲ್ಲಿ ನಾಲ್ಕು ರಂಧ್ರ ಎಂಬ ಅಳತೆ ಡಿಕ್ಸನ್ನರದು. ಡಿಜಿಟಲ್ ಬರುವವರೆಗೂ ಜಗತ್ತು ಅದನ್ನೇ ಪಾಲಿಸಿತು.

ಸೀಳಿನಲ್ಲಿ ಬರುವ ಬೆಳಕು ಪರದೆಗೆ ಸಾಲದು. ಲೂಮಿಯೇರರ ಸಿನೆಮಾಟೋಗ್ರಾಫಿನಲ್ಲಿ ಹೊಲಿಗೆ ಯಂತ್ರದ ನಡೆಯಿಂದ ಪ್ರೇರಿತವಾದ ಕೊಕ್ಕೆಯೊಂದು ಫಿಲ್ಮನ್ನು ಎಳೆದು, ಬಿಟ್ಟು, ಮತ್ತೆ ಎಳೆಯುತ್ತದೆ. ಚಿತ್ರ ನಿಜವಾಗಿಯೇ ನಿಲ್ಲುತ್ತದೆ, ಬೆಳಕು ಧಾರಾಳವಾಗಿ ಹಾಯುತ್ತದೆ. ಅದೇ ಪೆಟ್ಟಿಗೆ ಚಿತ್ರ ತೆಗೆಯುತ್ತಿತ್ತು, ಪ್ರತಿ ಮಾಡುತ್ತಿತ್ತು, ತೋರಿಸುತ್ತಲೂ ಇತ್ತು. ಕೈಯಲ್ಲಿ ಹಿಡಿದು ಹಡಗು ಹತ್ತುವಷ್ಟು ಹಗುರ. 1896ರ ಜುಲೈ 7ಕ್ಕೆ ಅದು ಬೊಂಬಾಯಿಯ ವಾಟ್ಸನ್ ಹೋಟೆಲಿನಲ್ಲಿತ್ತು. ಟಿಕೆಟ್ ಒಂದು ರೂಪಾಯಿ.

ಭಾರತದಲ್ಲಿ ಇಂಥ ಪ್ರಯೋಗ ಯಾರೂ ಮಾಡಲಿಲ್ಲವೇ?

ಮಾಡಿದರು. ಕಲ್ಯಾಣದ ಮಹಾದೇವ ಗೋಪಾಳ ಪಟವರ್ಧನ್ 1890ರ ದಶಕದಲ್ಲಿ ಶಾಂಭರಿಕ ಖರೋಲಿಕಾ ಎಂಬ ಹೆಸರಿನಲ್ಲಿ ಮ್ಯಾಜಿಕ್ ಲ್ಯಾಂಟರ್ನ್ ಆಟ ಆಡುತ್ತಿದ್ದರು. ಪುರಾಣದ ಪಾತ್ರಗಳನ್ನು ಗಾಜಿನ ಮೇಲೆ ಬರೆದು ಕಥೆ, ಹಾಡಿನ ಜೊತೆ ಅಲುಗಾಡಿಸುತ್ತಿದ್ದರು. ದಾದಾಸಾಹೇಬ್ ಫಾಲ್ಕೆ 1912ರಲ್ಲಿ ಕಥಾಚಿತ್ರಕ್ಕೆ ಕೈಹಾಕುವ ಮೊದಲು, ಬಟಾಣಿ ಕಾಳು ಮೊಳೆತು ಬಳ್ಳಿಯಾಗುವುದನ್ನು ದಿನದಿನವೂ ಒಂದೊಂದೇ ಫ್ರೇಮಿನಂತೆ ಚಿತ್ರೀಕರಿಸಿದರು. ಬಂಡವಾಳ ಹಾಕುವವರನ್ನು ಒಪ್ಪಿಸಿದ್ದು ಆ ಬಳ್ಳಿ. 1915ರಲ್ಲಿ ಬೆಂಕಿಕಡ್ಡಿಗಳನ್ನೂ ಅವರು ಹೀಗೆಯೇ ಕುಣಿಸಿದರು.

## ಸ್ವಲ್ಪ ಆಳಕ್ಕೆ ಇಳಿದರೆ

ಬಿಂಬವು ಕಣ್ಣಿನಲ್ಲಿ ಸೆಕೆಂಡಿನ 1/16 ಭಾಗ ಉಳಿಯುವುದರಿಂದ ಸಿನಿಮಾ ಕಾಣುತ್ತದೆ ಎಂದು ಪಠ್ಯದಲ್ಲಿದೆ. ಅದು ತಪ್ಪೇ?

ಅರ್ಧ ಸತ್ಯ. ಬಿಂಬ ಕೆಲಹೊತ್ತು ಉಳಿಯುವುದು ನಿಜ. ಹಕ್ಕಿ ಪಂಜರದೊಳಗೆ ಕೂತಂತೆ ಕಾಣುವುದು ಅದರಿಂದಲೇ. ಆದರೆ ಚಲನೆಗೆ ಅದೇ ಕಾರಣವಾಗಿದ್ದರೆ, ಕುಣಿಯುವವಳ ಹಿಂದಿನ ಭಂಗಿಯ ಮೇಲೆ ಮುಂದಿನದು ಕೂತು ಹತ್ತು ಕೈಗಳ ದೇವಿ ಕಾಣಬೇಕಿತ್ತು. 1912ರಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ತೈಮರ್, ಎರಡು ಗೆರೆಗಳನ್ನು ಸೆಕೆಂಡಿನ ನೂರರಲ್ಲಿ ಆರು ಭಾಗದಷ್ಟು ಅಂತರದಲ್ಲಿ ಬೆಳಗಿಸಿದಾಗ ಒಂದೇ ಗೆರೆ ಇಲ್ಲಿಂದ ಅಲ್ಲಿಗೆ ಸರಿದಂತೆ ಕಾಣುತ್ತದೆಂದು ತೋರಿಸಿದರು. ಸಮೀಪದ ಎರಡು ಸ್ಥಿತಿಗಳನ್ನು ಚಲನೆ ಎಂದು ಓದುವುದು ಮಿದುಳಿನ ಕೆಲಸ. ಅವರು ಈ ಪ್ರಯೋಗವನ್ನು ಆರಂಭಿಸಿದ್ದು ಫ್ರಾಂಕ್‌ಫರ್ಟಿನಲ್ಲಿ ಕೊಂಡ, ಚಿತ್ರ ಚಲಿಸುವಂತೆ ತೋರಿಸುವ ಮಕ್ಕಳ ಸ್ಟ್ರೋಬೋಸ್ಕೋಪ್ ಆಟಿಕೆಯಿಂದ ಎಂಬ ಕಥೆ ಮನಶ್ಶಾಸ್ತ್ರದವರಲ್ಲಿ ಪ್ರಚಲಿತ. ಪರೀಕ್ಷೆಯಲ್ಲಿ ಮಾತ್ರ ಪಠ್ಯದ ಉತ್ತರವನ್ನೇ ಬರೆಯಿರಿ, ಅಂಕ ಮುಖ್ಯ.

ಸೆಕೆಂಡಿಗೆ 24 ಫ್ರೇಮ್ ಎಂದು ಗೊತ್ತು ಮಾಡಿದವರು ಯಾರು?

ಕಣ್ಣಲ್ಲ, ಕಿವಿ. ಮೂಕಿ ಚಿತ್ರಗಳ ಕಾಲದಲ್ಲಿ 16ರ ಆಸುಪಾಸಿನಿಂದ ಹಿಡಿದು ಹಲವು ವೇಗಗಳು ನಡೆಯುತ್ತಿದ್ದವು. ಹಿಡಿಕೆ ತಿರುಗಿಸುವವನ ಕೈಯೇ ಗಡಿಯಾರ. 1920ರ ದಶಕದ ಕೊನೆಗೆ ಧ್ವನಿ ಬಂದಾಗ ವೇಗ ಏರಿಳಿದರೆ ಸ್ವರವೂ ಏರಿಳಿಯತೊಡಗಿತು. ಅದಕ್ಕಾಗಿ ಒಂದು ವೇಗಕ್ಕೆ ಕಟ್ಟುಬೀಳಬೇಕಾಯಿತು. ಆದರೂ 24 ಸಲ ಬೆಳಕು ಬಂದು ಹೋದರೆ ಕಣ್ಣಿಗೆ ಮಿಣುಕು ಗೊತ್ತಾಗುತ್ತದೆ. ಅದಕ್ಕೇ ಪ್ರೊಜೆಕ್ಟರಿನ ಶಟರ್ ಒಂದೇ ಚಿತ್ರವನ್ನು ಎರಡು ಅಥವಾ ಮೂರು ಸಲ ತೋರಿಸುತ್ತದೆ. ಸೆಕೆಂಡಿಗೆ 48 ಇಲ್ಲವೇ 72 ಮಿಂಚು.

ಹಾಗಾದರೆ ಕ್ಯಾಮರಾದಿಂದ ತೆಗೆದ ಮೊದಲ ಆನಿಮೇಷನ್ ಯಾವುದು?

ಅಮೆರಿಕದ ಜೆ. ಸ್ಟುವರ್ಟ್ ಬ್ಲ್ಯಾಕ್‌ಟನ್ 1906ರಲ್ಲಿ ಕರಿಹಲಗೆಯ ಮೇಲೆ ಸೀಮೆಸುಣ್ಣದ ಮುಖಗಳನ್ನು ಬರೆದು ಅಳಿಸಿ ಜೀವ ತುಂಬಿದರು; ಅದರಲ್ಲಿ ಕತ್ತರಿಸಿದ ಕಾಗದದ ತಂತ್ರವೂ ಬೆರೆತಿದೆ. ಪೂರ್ತಿ ಬರೆದ ಚಿತ್ರಗಳಿಂದಲೇ ಆದದ್ದು ಫ್ರಾನ್ಸಿನ ಎಮಿಲ್ ಕೋಲ್ 1908ರಲ್ಲಿ ಮಾಡಿದ ಒಂದೂವರೆ ನಿಮಿಷದ ಚಿತ್ರ. ಸುಮಾರು 700 ಹಾಳೆಗಳು. ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಬರೆದು, ನೆಗೆಟಿವ್ ಅನ್ನೇ ತೋರಿಸಿದ್ದರಿಂದ ಅದೂ ಕರಿಹಲಗೆಯಂತೆ ಕಾಣುತ್ತದೆ. ರೇನೋ ಆಗ ಇನ್ನೂ ಬದುಕಿದ್ದರು, ಅದೇ ಪ್ಯಾರಿಸ್ಸಿನಲ್ಲಿ.

ಸೀಳು, ಕನ್ನಡಿ ಇಲ್ಲದೆ ಮೊಬೈಲಿನಿಂದಲೇ ಫೆನಾಕಿಸ್ಟಿಸ್ಕೋಪ್ ನೋಡಬಹುದೇ?

ನೋಡಬಹುದು, ಮಕ್ಕಳಿಗೆ ಇದೇ ಹೆಚ್ಚು ಇಷ್ಟ. ಸೀಳಿನ ಕೆಲಸವನ್ನು ಕ್ಯಾಮರಾದ ಶಟರ್ ಮಾಡುತ್ತದೆ. ಮನೆಯಲ್ಲಿ ಹಳೆಯ ರೆಕಾರ್ಡ್ ಪ್ಲೇಯರ್ ಇದ್ದರೆ ಚಿತ್ರದ ಚಕ್ರವನ್ನು ಅದರ ಮೇಲಿಟ್ಟು ವಿಡಿಯೋ ತೆಗೆಯಿರಿ. ಎಷ್ಟು ಚಿತ್ರ ಬರೆಯಬೇಕೆಂಬ ಲೆಕ್ಕ ಸರಳ: ಕ್ಯಾಮರಾ ಸೆಕೆಂಡಿಗೆ ತೆಗೆಯುವ ಫ್ರೇಮುಗಳನ್ನು 60ರಿಂದ ಗುಣಿಸಿ, ತಟ್ಟೆ ನಿಮಿಷಕ್ಕೆ ತಿರುಗುವ ಸುತ್ತುಗಳಿಂದ ಭಾಗಿಸಿ. 30 ಫ್ರೇಮಿನ ಮೊಬೈಲಿಗೆ, ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತಿನ ತಟ್ಟೆಯ ಮೇಲೆ 54 ಚಿತ್ರ ಬೇಕು; 25 ಫ್ರೇಮಿಗೆ ಇಟ್ಟುಕೊಂಡರೆ 45. ಶಟರ್ ವೇಗವನ್ನು ಸೆಕೆಂಡಿನ 1/500 ಅಥವಾ ಅದಕ್ಕಿಂತ ಚುರುಕಾಗಿ ಇಡಿ, ಇಲ್ಲವಾದರೆ ಗೆರೆಗಳು ಕಲಸುತ್ತವೆ. ಅಷ್ಟು ಚುರುಕು ಶಟರಿಗೆ ಬೆಳಕು ಬಹಳ ಬೇಕಾಗುವುದರಿಂದ ಪ್ಲೇಯರನ್ನು ಕಿಟಕಿಯ ಹತ್ತಿರ ತನ್ನಿ.